ಮುಚ್ಚಿದ ಬಾವಿಯ ನೀರು

ಮೆಲ್ಲಗೆ ಹೇಳ್ತೀನಿ, ಮಕ್ಕಳು ಮಲಗಿದ್ದಾರೆ... ಎರಡು ಸಾವಿರದ ಮೂರರ ಆಗಸ್ಟ್. ಕರೆಂಟ್ ಹೋಗಿ ಎರಡನೇ ರಾತ್ರಿ. ಪಂಪ್ ನಿಂತು ನಲ್ಲಿಯೂ ಬತ್ತಿತ್ತು. ನಮ್ಮ ಪಕ್ಕದ ಮನೆಯ ಅಶ್ಫಾಕ್ ಮಗುವಿನ ಹಾಲಿನ ಪುಡಿ ಕಲಸಲು ನೀರು ಹುಡುಕಿ ನಾಲ್ಕು ಮೈಲಿ ನಡೆದಿದ್ದ. ಎಲ್ಲೂ ಸಿಗಲಿಲ್ಲ. ಖಾಲಿ ಕ್ಯಾನ್ ಹಿಡಿದು ಕತ್ತಲಲ್ಲಿ ವಾಪಸು ಬರುತ್ತಿದ್ದ.

ಅಮೆರಿಕದ ರಾಚೆಸ್ಟರ್ ಹಿಲ್ಸ್ ಪಕ್ಕದ ನಮ್ಮ ಆ ಪುಟ್ಟ ಸಿಟಿ ಇದೆಯಲ್ಲ, ಹುಟ್ಟಿ ಇಪ್ಪತ್ತು ವರ್ಷ ತುಂಬಿರಲಿಲ್ಲ, ಆಗಲೇ ತನ್ನ ಚರಿತ್ರೆ ಅಚ್ಚು ಹಾಕಿಸಿತ್ತು. ಎಂಟು ಪುಟ. ನಾಲ್ಕು ಪುಟ ಮನೆ ಮಾರುವವರ ಜಾಹೀರಾತು. ಸೇಬಿನ ತೋಟ ಕಡಿದು ಸಾವಿರ ಮನೆ ಕಟ್ಟಿದರು. ತೋಟದವರ ಬಗ್ಗೆ ಒಂದು ಸಾಲಿಲ್ಲ. ನಾಚಿಕೆ ಅನ್ನೋದು ಇದ್ದರೆ ತಾನೆ? ತೋಟದ ಬಾವಿಯೊಂದು ಉಳಿದಿತ್ತು. ಮನೆ ರೇಟ್ ಬೀಳುತ್ತೆ ಅಂತ ಅದನ್ನೂ ಮುಚ್ಚಿಸಿದವನು ಇದೇ ಅಶ್ಫಾಕ್, ಬಡಾವಣೆ ಸಂಘದ ಸೆಕ್ರೆಟರಿ. ಅವನ ಹುಟ್ಟೂರಲ್ಲಿ ಬತ್ತಿದ ಬಾವಿ ಮುಚ್ಚೋಕೂ ಜನ ಹೆದರುತ್ತಾರೆ. ಇಲ್ಲಿ ಅದರ ಮೇಲೆ ಸಿಟಿಯ ಹೆಸರಿನ ಕಲ್ಲು ನಿಲ್ಲಿಸಿದರು.

ಆ ರಾತ್ರಿ ಅಶ್ಫಾಕ್ ಆ ಕಲ್ಲಿನ ಹತ್ತಿರ ಬಂದ...

ಕಿರ್ರ್... ಕಿರ್ರ್...

ರಾಟೆ ಸದ್ದು. ಆಮೇಲೆ ಆಳದಲ್ಲಿ 'ದುಡುಂ'... ಬಕೆಟ್ ನೀರಿಗೆ ಬಿದ್ದ ಹಾಗೆ.

ಕಲ್ಲಿಗೆ ಒರಗಿ ಬಿಳಿಯರ ಮುದುಕಿಯೊಬ್ಬಳು ನಿಂತಿದ್ದಳು. ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು.

"ಯಾರ ಮನೆಯವನು?"

"ಸೈಟ್ ನಂಬರ್ ನಲವತ್ತೆರಡು..."

"ಯಾರು ಅಂತ ಕೇಳಿದೆ."

ಇವಳು ಆ ತೋಟದವಳೇ ಅಂತ ಅವನಿಗೆ ಹೊಳೆಯಿತು. ಸೆಕ್ರೆಟರಿಯ ಜಂಬ ಎಲ್ಲಿ ಹೋಯಿತೋ. ಓಡಬಹುದಿತ್ತು. ಆದರೆ ಮನೆಯಲ್ಲಿ ಅತ್ತು ಅತ್ತು ಮಗು ರಿಹಾನನ ದನಿಯೇ ಬಿದ್ದುಹೋಗಿತ್ತು.

"ನಿಮ್ಮ ಬಾವಿ ಮುಚ್ಚಿಸಿದವನು ನಾನೇ," ಅಂದ. "ತಪ್ಪಾಯ್ತು. ಮಗುವಿಗೆ ನೀರು ಬೇಕು."

ಕ್ಯಾನ್ ಮುಂದೆ ಹಿಡಿದು ತಲೆ ತಗ್ಗಿಸಿದ. ಮತ್ತೆ ಕಿರ್ರ್... ಕ್ಯಾನಿನೊಳಗೆ ಗುಳು ಗುಳು... ಕೈ ಭಾರವಾಯಿತು. ತಲೆ ಎತ್ತಿದರೆ ಯಾರೂ ಇಲ್ಲ.

"ಎಲ್ಲಿ ಸಿಕ್ತು ರೀ?" ಅಂದಳು ಹೆಂಡತಿ ಖುರ್ಷೀದ್.

"ಕುದಿಸು. ಕೇಳ್ಬೇಡ."

ಮಗು ಕುಡಿದು ಮಲಗಿತು. ವಾರದ ಮೇಲೆ ಸಂಘದ ಸಭೆ ನಡೆಯಿತು. ಯಾರ ಮನೆ ಮುಂದಿನ ಹುಲ್ಲು ಹಳದಿಯಾಗಿದೆ ಅನ್ನೋದೇ ಆ ಮಹನೀಯರ ಚಿಂತೆ. ಅಶ್ಫಾಕ್ ಹೋಗಲಿಲ್ಲ. ಅಂಗೈಗೆ ಬಟ್ಟೆ ಸುತ್ತಿಕೊಂಡು ಮನೆಯಲ್ಲೇ ಇದ್ದ. ಅವನು ಹಗ್ಗ ಮುಟ್ಟಿರಲೇ ಇಲ್ಲ. ಆದರೂ ಎರಡೂ ಅಂಗೈಯ ಚರ್ಮ ಹಗ್ಗ ಎಳೆದವನ ಹಾಗೆ ಕಿತ್ತುಹೋಗಿತ್ತು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮುಲಾಮು ತಂದುಕೊಟ್ಟವನು ನಾನು.