ಎರಡು ಗಾಡಿಯ ಬ್ರೇಕು

ಹಲೋ... ಹಾಂ, ಹಲೋ. ಯಾರು ಮಾತಾಡೂದ್ರಿ?... ಬೆಳಗಾವಿಂದ ಟ್ರಂಕ್ ಕಾಲ್ ಅಂತ ಕಾರಕೂನ್ರು ಹೇಳಿದ್ರು, ಯಾರದಂತ ಹೇಳಲಿಲ್ಲ... ಯಾರು? ಸ್ವಲ್ಪ ಜೋರ ಮಾತಾಡ್ರಿ...

...ಭಾವಾರ? ಶರಣ್ರಿ ಭಾವಾರ. ನಾ ಕಾಂತಾರಿ. ಹೌದ್ರಿ, ಖಾನಾಪುರದಾಗನ, ಹೆಂಚಿನ ಫ್ಯಾಕ್ಟರಿ ಆಫೀಸಿನಾಗ ನಿಂತೀನಿ. ಮನಿಗೆ ಮಂದಿ ಕಳಿಸಿ ಕರೆಸಿದ್ರು. ನೀವು ರವಿವಾರ ಪೇಟಿ ಅಂಗಡ್ಯಾಗ ಇದ್ದೀರೇನು? ಹಮಾಲರ ಗದ್ದಲ ಕೇಳಸಾಕತ್ತೈತಿ...

...ಭರಮಪ್ಪೇನ್ರಿ? ನೀವು ಕಳಿಸಿದ ಹೊಸಾ ಡ್ರೈವರು? ಬಂದಿದ್ದ. ಮುಂಜಾನೆ ಎಂಟರ ಬಸ್ಸಿಗೆ ಬಂದ... ಇಲ್ರಿ, ಲಾರಿ ಹೊಂಟಿಲ್ಲ... ಭರಮಪ್ಪಂದು ಏನೂ ತಪ್ಪಿಲ್ಲರಿ. ನಾನ ಬಿಟ್ಟಿಲ್ಲ.

...ಹಾಂ, ಕೇಳಸ್ತು. ಇನ್ನೊಮ್ಮೆ ಹೇಳೂದ ಬ್ಯಾಡ. ಹೆಂಚು ಗೋವಾಕ್ಕ ಮುಟ್ಟಬೇಕು, ಪಾರ್ಟಿಗೆ ಮಾತ ಕೊಟ್ಟೀರಿ, ಎಲ್ಲಾ ಖರೇ. ಆದ್ರ ನೀವು ಬ್ರೇಕು ಹೊಸಾದು ಮಾಡಿಸಿ ಕಳಿಸಿದ ಈ ಗಾಡಿ ಹಿಂಗ ಇದ್ದಂಗ ಘಟ್ಟ ಇಳ್ಯಾಂಗಿಲ್ಲರಿ ಭಾವಾರ.

...ಮೈಲಾರಲಿಂಗ ನನ್ನ ತಲಿ ಕೆಡಸ್ಯಾನಂತ? ಅಂವಾ ದವಾಖಾನ್ಯಾಗ ಮಲಗ್ಯಾನ. ಹೆಗಲ ಎಲುಬು ಮುರದೈತಿ. ನಾಕು ದಿನಾ ಆತು, ಅಂವನ ಹೇಣ್ತಿ ಕಾಡವ್ವ ಅಲ್ಲೇ ನೆಲದ ಮ್ಯಾಲ ಚಾಪಿ ಹಾಸ್ಕೊಂಡಾಳ. ಒಂಬತ್ತ ವರ್ಷ ನಮ್ಮ ಗಾಡಿ ಹೊಡದಾನ ಅಂವಾ. ನೋಡಾಕ ಬಂದ್ರೇನು ನೀವು? ಹೆಂಗದಾನ ಅಂತ ಒಂದ ಮಾತರೇ ಕೇಳಿದ್ರೇನು?

...ಕುಡಿದಿದ್ದ? ಯಾರ್ ನೋಡಿದ್ರು? ನೀವು ಬೆಳಗಾವ್ಯಾಗ ಇದ್ದವ್ರು ಹೆಂಗ ನೋಡಿದ್ರಿ? ದವಾಖಾನಿಗೆ ಮೊದ್ಲ ಮುಟ್ಟಿದಾಕಿ ನಾನು, ಅಂವನ ಬಾಯಿ ಬಾಜೂಕ ಕಿವಿ ಹಚ್ಚಿ ಮಾತ ಕೇಳೀನಿ. ಸೆರೆ ವಾಸನಿ ಇದ್ದಿದ್ದಿಲ್ಲ, ನೆತ್ತರ ವಾಸನಿ ಇತ್ತು.

ಏನ ಹೇಳಿದ ಅಂದ್ರ, ಹೇಳತೀನಿ ಕೇಳ್ರಿ. ಮಂಗಳವಾರ ಹೆಂಚು ತುಂಬಿ ಜಾಂಬೋಟಿ ಕಡೆ ಹೊಂಟಾನ. ರಸ್ತಾ ಇಳಿಯೂ ಇಳಕಲದಾಗ ಮುಂದ ಒಂದ ಚಕ್ಕಡಿ, ಅದರಾಗ ಕಳೇ ತಗ್ಯಾಕ ಹೋಗಿದ್ದ ಹೆಣ್ಮಕ್ಕಳು, ಆರು ಮಂದಿ. ಬ್ರೇಕ್ ತುಳದಾನ, ಪೆಡಲ್ ಸೀದಾ ನೆಲಕ್ಕ ಕುಂತೈತಿ. ಮತ್ತೊಮ್ಮೆ ತುಳದಾನ, ಅರ್ಧಾ ಹಿಡದೈತಿ. ಮೂರನೇದಕ್ಕ ಟೈಮ್ ಇದ್ದಿಲ್ಲ. ಸ್ಟೇರಿಂಗ್ ಹೊಳ್ಳಿಸಿ ಮಣ್ಣಿನ ದಿಬ್ಬಕ್ಕ ಹೊಡಸ್ಯಾನ. ಹೆಂಚೆಲ್ಲಾ ಪುಡಿ, ಗಾಡಿದು ಬಂಪರ್ ಅಷ್ಟ ಬಗ್ಗೇತಿ. ಚಕ್ಕಡಿಗೆ ಒಂದ ಗೀರೂ ಬಡದಿಲ್ಲ. ಅಂವಾ ಕುಡದಿದ್ರ ದಿಬ್ಬ ಕಾಣಸ್ತಿತ್ತೇನ್ರಿ?

...ಹಾಂ. ಹಾಂ... ಹೆಣ್ಮಕ್ಕಳಿಗೆ ಬ್ರೇಕಿಂದು ಏನ ತಿಳಿತೈತಿ ಅಂತೀರಿ, ಅಲ್ಲೇನ್ರಿ? ತಿಳೀತಿದ್ದಿಲ್ಲರಿ. ಈ ನಾಕು ದಿನದಾಗ ತಿಳಕೊಂಡೆ. ಟ್ರ್ಯಾಕ್ಟರ್ ಕಟ್ಟಿ ಗಾಡಿ ಎಳಸ್ಕೊಂಡ ಬಂದು ಬಂಡೆಪ್ಪನ ಲೇಥ್ ಅಂಗಡಿ ಮುಂದ ನಿಲ್ಲಿಸೀನಿ. ಸೀರಿ ನಿರಿಗಿ ಎತ್ತಿ ಕಟ್ಟಿ, ಕ್ಯಾಬಿನ್ ಹತ್ತಿ, ಪೆಡಲ್ ನನ್ನ ಕಾಲಿಲೇ ತುಳದೀನಿ. ಬೆಣ್ಯಾಗ ಕಾಲ ಇಟ್ಟಂಗ ಹೋತು. ನೀವು ಒಂದ ಸಲಾನರೇ ತುಳದಿದ್ರೇನು ಭಾವಾರ?

...ಗ್ಯಾರೇಜಿನವ್ರು ಮಾಡ್ಯಾರ, ಖರೇ. ಆದ್ರ ಹಿಂದಿಂದ ಅಷ್ಟ ಹಾಕ್ರಿ, ಉಳದದ್ದು ನಡೀತೈತಿ ಅಂದವ್ರು ಯಾರು? ಭಾರ ಹೆಚ್ಚ ಹೇರಬೇಕಂತ ಹಿಂದಿನ ಗಾಲಿಗೆ, ನೀವು ಬಿಡಿ ಸಾಮಾನಿಗಂತ ಒಡಸಿದ ಹೊಸಾ ಮಾಡೆಲ್ ಗಾಡಿದು ದೊಡ್ಡ ಬ್ರೇಕು ಹಾಕಿಸಿದ್ರಿ. ಪೆಡಲ್ ಹತ್ರ ಎಣ್ಣಿ ದೂಡೂ ಮಾಸ್ಟರ್ ಸಿಲಿಂಡರ್ ಮಾತ್ರ ಹಳೇದು, ಸಣ್ಣದು. ಬಂಡೆಪ್ಪ ನನಗ ತಿಳಿಯೂ ಹಂಗ ಹೇಳಿದ. ಸಣ್ಣ ತಂಬಗಿ ನೀರಿಲೇ ದೊಡ್ಡ ಹಂಡೆ ಒಂದ ಸಲಕ್ಕ ತುಂಬತೈತೇನ್ರಿ? ಎರಡ ಸಲಾ, ಮೂರ ಸಲಾ ಹಾಕಬೇಕು. ಇಳಕಲದಾಗ ಮೂರ ಸಲಾ ತುಳೀಲಿ ಅಂತ ಯಾರ್ ಕಾಯ್ತಾರ?

...ಅಲ್ಲರಿ, ಬರೇ ದೊಡ್ಡ ಮಾಸ್ಟರ್ ಹಾಕಿದ್ರೂ ಸಾಲೂದಿಲ್ಲ. ಅದನ್ನೂ ಕೇಳೀನಿ. ಮುಂದಿನ ಗಾಲಿದು ಹಳೇದ ಉಳದ್ರ, ಹಿಂದಿನ ಗಾಲಿ ಮೊದ್ಲ ಗಪ್ಪನ ಹಿಡಿತಾವು, ಗಾಡಿ ತಿರುಗಿ ಅಡ್ಡ ನಿಲ್ತೈತಿ. ಮುಂದಿಂದು, ಹಿಂದಿಂದು, ಪೆಡಲ್ ಹತ್ರದ್ದು, ಮೂರೂ ಒಂದ ಗಾಡಿದು ಇರಬೇಕು.

...ಕೂಡಂಗಿಲ್ಲ ಅಂತ ನಿಮ್ಮ ಗ್ಯಾರೇಜಿನವ್ರು ಅಂದಿರಬೇಕು. ಬಂಡೆಪ್ಪ ಕೂಡಸೂ ದಾರಿ ಹುಡಕ್ಯಾನ. ಹಳೇ ಚಾಸಿಗೆ ಎರಡ ತೂತು, ಹೊಸಾ ಮಾಸ್ಟರಿಗೆ ಮೂರು. ಅದ ಹೊಸಾ ಮಾಡೆಲ್ಲಿನ ಒಂದ ಗಾಡಿ ಈ ಫ್ಯಾಕ್ಟರಿಗೆ ಬಂದಿತ್ತು. ಅದರ ಅಡ್ಯಾಗ ಮಲಕೊಂಡು ಪೇಪರಿನ ಮ್ಯಾಲ ಅಳತಿ ತೊಗೊಂಡು, ನಡುವ ಕೂಡ್ರಾಕ ದಪ್ಪನ ಕಬ್ಬಿಣದ ಪಟ್ಟಿ ಕೊರದಾನ. ಪೈಪಿನ ಥ್ರೆಡ್ಡೂ ಬ್ಯಾರೆ ಬ್ಯಾರೆ. ಅದಕ್ಕ ಹಿತ್ತಾಳಿ ಜಾಯಿಂಟು ಮಾಡ್ಯಾನ. ಮೂರು ಕೆಡಸಿ ನಾಕನೇದ್ದು ಸರಿ ಬಂತು. ನಾ ಬಾಜೂಕ ಕುಂತೇ ನೋಡೀನಿ.

...ಯಾರನ್ನ ಕೇಳಿ ಮಾಡಿಸ್ದಿ? ಯಾರನ್ನ ಕೇಳಬೇಕ್ರಿ? ಎಪ್ಪತ್ತೆಂಟರಾಗ ನಿಮ್ಮ ತಮ್ಮ ತೀರಕೊಂಡ ಮ್ಯಾಲ ಆರ್.ಸಿ. ಬುಕ್ಕು ಯಾರ ಹೆಸರಿಗೆ ಆತು? ನಿಮ್ಮ ಕೈಲೇ ಅರ್ಜಿ ಬರದೀರಿ. ನನ್ನ ಹೆಸರು ಬರೇ ಕಾಗದಕ್ಕ ಅಂತ ನೀವು ತಿಳಕೊಂಡಿದ್ರಿ. ಎರಡ ವರ್ಷ ನಾನೂ ಹಂಗ ತಿಳಕೊಂಡಿದ್ದೆ.

...ಏನ್ರಿ?... ನಮ್ಮ ಮನಿಯವ್ರನ್ನ ನಡುವ ತರಬ್ಯಾಡ್ರಿ ಭಾವಾರ. ಅವ್ರಿದ್ರ ನಿಮ್ಮ ಮಾತ ಮೀರತಿದ್ದಿಲ್ಲ, ಖರೇ. ಅಣ್ಣ ಅಂದ್ರ ದೇವರು ಅಂತಿದ್ರು. ನಾ ಮೀರಾಕತ್ತೀನಿ. ನಿಮಗ ಎದುರ ಮಾತಾಡಿ ರೂಢಿಲ್ಲ, ಫೋನ್ ಎರಡೂ ಕೈಲೇ ಹಿಡದೀನಿ. ಆದ್ರೂ ಮೀರಾಕತ್ತೀನಿ.

...ಹಾಂ? ಯಾರು?... ಆಪರೇಟರ್ರೇನ್ರಿ? ಮೂರು ನಿಮಿಷ ಆತ? ಇನ್ನ ಮೂರು ಕೊಡ್ರಿ ಅಕ್ಕಾರ. ಫೋನ್ ಹಚ್ಚಿದವ್ರು ಅವ್ರು, ಅವ್ರ ಹೂಂ ಅನಬೇಕೇನು? ಭಾವಾರ, ಹೂಂ ಅನ್ರಿ... ಹಾಂ, ಅಂದ್ರಲ್ಲ.

...ಕಾಗದೇನ್ರಿ? ಬಂದೈತಿ. ಭರಮಪ್ಪನ ಕೈಯಾಗ ಕಳಿಸಿದ್ದು. ಡ್ರೈವರ್ ಕುಡಿದು ಗಾಡಿ ಹೊಡದಾನ ಅಂತ ಮಾಲಕಿ ಬರದು ಕೊಡೂದು. ಓದೀನಿ. ಸಹಿ ಮಾಡಂಗಿಲ್ಲ... ಇಲ್ಲ, ಹೆಬ್ಬೆಟ್ಟೂ ಒತ್ತಂಗಿಲ್ಲ, ಸಹಿ ಬರ್ತೈತಿ ನನಗ... ಪೊಲೀಸ್ರು ಕೇಳಿದ್ರ? ಇದ್ದದ್ದ ಹೇಳತೀನಿ. ಬ್ರೇಕು ಎರಡ ಗಾಡಿದು ಇತ್ತು, ಡ್ರೈವರ್ ಆರು ಮಂದಿ ಜೀವಾ ಉಳಸ್ಯಾನ ಅಂತೀನಿ. ನಿಮ್ಮ ಹೆಸರ ಕೇಳಿದ್ರ ನಿಮ್ಮ ಹೆಸರೂ ಹೇಳತೀನಿ. ನನ್ನ ಗಾಡಿ, ನೋಡದ ಹೊರಗ ಬಿಟ್ಟೆ ಅಂತ ನನ್ನ ಹೆಸರು ಮೊದ್ಲ ಹೇಳತೀನಿ.

...ಮಾಸ್ಟರೂ ಮುಂದಿನ ಬ್ರೇಕಿನ ಸೆಟ್ಟೂ ಎಲ್ಲಿಂದ ತರತಿ ಅಂತೀರಿ. ನಿಮ್ಮಲ್ಲೇ ಇದ್ದೂವಲ್ರಿ. ನೀವು ಒಡಸಿದ ಆ ಹೊಸಾ ಗಾಡಿದು ಎಲ್ಲಾ ಸಾಮಾನು ಟಿಳಕವಾಡಿ ಗೋಡೌನದಾಗ ಇತ್ತು... ಕೀಲಿ ಹಾಕೇತಿ, ಖರೇ. ಈಗ ಹೋಗಿ ನೋಡಿದ್ರ ಸಾಮಾನು ಇರಂಗಿಲ್ಲ.

...ಕಳವು ಅಲ್ಲರಿ. ಭರಮಪ್ಪ ತಂದಾನ. ಮುಂಜಾನೆ ನಾ ಅವಂಗ ಏನೂ ಹೇಳಲಿಲ್ಲ. ಬರೇ ಕ್ಯಾಬಿನ್ ಹತ್ತಿ ಒಮ್ಮೆ ಪೆಡಲ್ ತುಳೀಪಾ ಅಂದೆ. ತುಳದ. ಕೆಳಗ ಇಳದು, ಇದನ್ನ ಹೊಡ್ಯಾಂಗಿಲ್ಲ ಅಂದ. ಅವಂಗೂ ಮೂರು ಮಕ್ಕಳದಾವಂತ. ಹತ್ತರ ಬಸ್ಸಿಗೆ ಹೊಳ್ಳಿ ಹೋಗಿ, ಹಿಂದವಾಡಿಗೆ ನಿಮ್ಮ ಮನಿಗೆ ಹೋಗ್ಯಾನ. ಸಾಮಾನು ಬಸ್ಸಿನ ಮ್ಯಾಲ ಹಾಕ್ಕೊಂಡು ಈಗ ಬಂದಿಳದಾನ.

...ಕೀಲಿ? ಕೀಲಿ ಸಂಗವ್ವಕ್ಕಾರ ಕೊಟ್ರು... ಹೌದ್ರಿ, ನಿಮ್ಮ ಮನಿಯವ್ರ. ನಾ ಒಂದ ಚೀಟಿ ಬರದ ಕಳಿಸಿದ್ದೆ. ಇದ್ದದ್ದ ಇದ್ದಂಗ ಬರದಿದ್ದೆ. ಅಕ್ಕಾರು ಎರಡ ಸಲಾ ಓದಿಸಿ ಕೇಳಿದ್ರಂತ, ಒಳಗ ಹೋಗಿ ಕೀಲಿ ತಂದು ಕೊಟ್ರಂತ. ಅವ್ರ ಮ್ಯಾಲ ಸಿಟ್ಟ ತೀರಸಬ್ಯಾಡ್ರಿ. ಬೈಯೂದಿದ್ರ ನನ್ನ ಬೈರಿ, ಇಲ್ಲೇ ನಿಂತೀನಿ.

...ಹೌದ್ರಿ, ಬಂಡೆಪ್ಪ ಈಗ ಬಿಚ್ಚಾಕತ್ತಾನ. ನಾಳೆ ಕೂಡಸ್ತಾನ. ನಾಡದು ಖಾಲಿ ಗಾಡಿ ಅದ ಇಳಕಲಕ್ಕ ಒಯ್ದು ನೋಡ್ತೀವಿ, ಆಮ್ಯಾಲ ಅರ್ಧಾ ಹೆಂಚು ಹೇರಿ ನೋಡ್ತೀವಿ. ಭರಮಪ್ಪ ಹೊಡೀತಾನ, ನಾ ಬಾಜೂಕ ಕುಂದರತೀನಿ... ಕುಂದರತೀನ್ರಿ. ಮಂದಿ ಏನಂದ್ರೂ ಅನ್ಲಿ. ಸರಿ ಬಂದ್ರ ಘಟ್ಟ ಇಳಿತೈತಿ, ಇಲ್ಲಾಂದ್ರ ಬಂಡೆಪ್ಪನ ಅಂಗಡಿ ಮುಂದ ನಿಂತು ತುಕ್ಕ ಹಿಡೀಲಿ.

...ಏನಂದ್ರಿ? ಗರಗರ ಅನ್ನಾಕತ್ತೈತಿ, ಕೇಳಸವಲ್ತು... ರಬ್ಬರ್? ಮುಂದಿನ ಸೆಟ್ಟಿನ ರಬ್ಬರು?... ಒಡದ ಗಾಡಿವು, ಹಳೇವು, ಹಂಗ ಹಾಕಿದ್ರ ಎಣ್ಣಿ ಸೋರತೈತಿ... ಹಾಂ... ಹಾಂ, ಬಂಡೆಪ್ಪಗ ಹೇಳತೀನಿ, ಹಾಕಬ್ಯಾಡ ಅಂತ. ಇಲ್ಲಿ ಸಿಗೂದಿಲ್ಲರಿ ಅವು...

...ನೀವ ತರತೀರಿ?

...ಇಲ್ಲರಿ, ಏನಿಲ್ಲ. ಕೇಳಸ್ತು. ಬರ್ರಿ. ಮೊದ್ಲ ದವಾಖಾನಿಗೆ ಹೋಗೂಣು, ಆಮ್ಯಾಲ ಗಾಡಿ ನೋಡೂಣು... ಹಾಂ. ನಾಳೆ ಯಾವ ಬಸ್ಸಿಗ್ರಿ? ಹಲೋ?... ಭಾವಾರ, ಯಾವ ಬಸ್ಸಿಗೆ ಬರತೀ...