ಜೋತ ಕೆನ್ನೆಗೆ ಬಂದ ವೀಳ್ಯ

“ಹಲೋ… ಹಲೋ… ಯಾರು ಮಾತಾಡ್ತಿರಾದು? ಅದು ಬೆಂಗಳೂರು ತಾನೆ?…”

ಹುಣಸೂರಿನ ಹೊಗೆಸೊಪ್ಪಿನ ಕಂಪನಿಯ ಆಫೀಸಿನಲ್ಲಿ ಸಣ್ಣತಾಯಮ್ಮ ಟೆಲಿಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು, ತುಂಬಿದ ಬಿಂದಿಗೆ ಹಿಡಿದವಳ ಹಾಗೆ. ಅದೇ ಕಂಪನಿಯ ಕೊಟ್ಟಿಗೆಯಲ್ಲಿ ಸೊಪ್ಪು ಆರಿಸುವ ಹೆಂಗಸು ಅವಳು. ಗುಮಾಸ್ತೆ ದಾಸಯ್ಯನಿಗೆ ಹೇಳಿ ಹೇಳಿ, ಬೆಳಿಗ್ಗೆಯೇ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿದ್ದಳು. ಅದು ಸಿಕ್ಕುವ ಹೊತ್ತಿಗೆ ಮಧ್ಯಾಹ್ನದ ಊಟವೂ ಕಳೆದಿತ್ತು.

“ಯಾರು, ಬಟ್ಲರಾ? ನಮಸ್ಕಾರ ಸ್ವಾಮಿ. ಡಾಕ್ಟರ್ ದೊರೆ ಮಗೀನ ನೋಡ್ಕೊತಾಳಲ್ಲ, ಆಯಾ ರಾಚಮ್ಮ, ಅವಳ್ನ ಒಸಿ ಕರೀರಿ. ನಾನು ಅವಳ ಅಕ್ಕ… ಇಲ್ಲ ಇಲ್ಲ, ತಾಯಿ ಅಲ್ಲ ಸ್ವಾಮಿ, ಅಕ್ಕ… ಯಾಕೆ, ನನ್ ದನಿನೂ ಜೋತುಬಿದ್ದದಾ?… ಹಾಂ, ಕರೀರಿ.”

ಸಣ್ಣತಾಯಮ್ಮ ನಲವತ್ತರ ಹೊಸ್ತಿಲನ್ನು ಇನ್ನೂ ತುಳಿದಿರಲಿಲ್ಲ. ಸೊಂಟ ಗಟ್ಟಿಯಾಗಿತ್ತು, ತಲೆ ಕಪ್ಪಗಿತ್ತು, ಹೊರೆ ಹೊತ್ತರೆ ಗಂಡಸರಿಗೆ ಸರಿಸಮ. ಕೆನ್ನೆಗಳು ಮಾತ್ರ ಯಜಮಾನಿಯನ್ನು ಒಂದು ಮಾತೂ ಕೇಳದೆ ಮುಂದೆ ಓಡಿಹೋಗಿ, ಮುದುಕಿಯರ ಸಾಲಿನಲ್ಲಿ ಜಾಗ ಹಿಡಿದು ಕೂತುಬಿಟ್ಟಿದ್ದವು. ಗಲ್ಲದ ಎರಡೂ ಪಕ್ಕಕ್ಕೆ ಒಂದೊಂದು ಚೀಲ ಇಳಿಬಿದ್ದಿತ್ತು.

“ರಾಚಿ? ನಾನು ಕಣೇ, ಅಕ್ಕ… ಎಲ್ರೂ ಚೆನ್ನಾಗವ್ರೆ. ಯಾರೂ ಸತ್ತಿಲ್ಲ. ಫೋನು ಅಂದ್ರೆ ಸಾವೇ ಆಗ್ಬೇಕಾ?… ಕರಿಯಪ್ಪ ಬಂದು ಎಲ್ಲ ಹೇಳ್ದ. ಅದಕ್ಕೇ ಮಾಡಿದ್ದು…”

ಕಂಪಲಾಪುರದ ಕರಿಯಪ್ಪ ಬೆಂಗಳೂರಿಗೆ ಹೋದವನು ರಾಚಮ್ಮನ ಮಾತನ್ನು ಹೊತ್ತು ತಂದಿದ್ದ. ರಾಚಮ್ಮ ದುಡಿಯುವ ಮನೆಯ ದೊರೆ ದಂಡಿನ ಆಸ್ಪತ್ರೆಯಲ್ಲಿ ಸುಟ್ಟ ಸಿಪಾಯಿಗಳ ಮುಖ ನೇರ ಮಾಡುತ್ತಿದ್ದ ಡಾಕ್ಟರು. ಯುದ್ಧ ಮುಗಿದು ಆತ ಸ್ವದೇಶಕ್ಕೆ ಹೊರಟಿದ್ದ. ಮಗುವನ್ನು ಸಾಕಿಕೊಟ್ಟವಳಿಗೆ ಏನು ಬೇಕೆಂದು ಕೇಳಿದ್ದಕ್ಕೆ ಅವಳು, ನನಗೇನೂ ಬೇಡ, ನಮ್ಮಕ್ಕನ ಮುಖ ಮೇಲೆತ್ತಿ ಕೊಡಿ ಎಂದಿದ್ದಳು. ದೊರೆ ಒಪ್ಪಿದ್ದ. ಆದರೆ ಅಕ್ಕ ನಾಳೆಯ ರೈಲಿಗೇ ಹೊರಡಬೇಕು, ಬರುತ್ತಾಳೋ ಇಲ್ಲವೋ ಇವತ್ತೇ ಹೇಳಬೇಕು.

“ಅದೇನ್ ಮಾಡ್ತಾರೆ, ಇನ್ನೊಂದ್ ಸಲ ಹೇಳು. ಕರಿಯಪ್ಪ ಹೇಳಿದ್ದು ಕೇಳಿ ನಂಗೆ ಕುರಿ ಸುಲಿಯಾದು ಗ್ಯಾಪಕ ಬಂತು… ಹಾಂ… ಕಿವಿ ಮುಂದೆ ಕುಯ್ಯಾದು… ತೊಗಲು ಎಳೆಯಾದು… ಮಿಕ್ಕಿದ್ದು ಕತ್ತರಿಸಿ ಹೊಲಿಯಾದು. ಅಂದ್ರೆ ದೊಗಳೆ ರವಿಕೆ ಹಿಡಿದು ಹೊಲಿದಂಗೆ, ಅಲ್ವಾ?… ನಗಬ್ಯಾಡ ಕಣೇ. ಮಿಕ್ಕಿದ ತುಂಡು ಏನ್ ಮಾಡ್ತಾರೆ?… ಸುಮ್ಕೆ ಕೇಳ್ದೆ. ನಂದಲ್ವಾ, ಅದಕ್ಕೆ.”

ಕಾಗದ ನೋಡುತ್ತಿದ್ದ ದಾಸಯ್ಯ ಕೆಮ್ಮಿದ. ಕೆಮ್ಮಿನೊಳಗೆ ನಗು ಇತ್ತು.

“ಅಲ್ಲ ಕಣೇ, ಎಡಗೆನ್ನೆ ಮ್ಯಾಲೆ ಅವ್ವ ಹುಯ್ಸಿದ ಹಚ್ಚೆ ಚುಕ್ಕಿ ಐತಲ್ಲ, ಅದೇನಾಯ್ತದೆ?… ಅದೂ ಮೇಲಕ್ಕೋಯ್ತದಾ? ಎಲ್ಲೀಗಂಟ?… ಕಿವಿ ತಾವಕ್ಕಾ? ಸತ್ತಾಗ ಜೊತೇಲಿ ಬರಾದು ಹಚ್ಚೆ ಒಂದೇ ಅಂತಿದ್ಲು ಅವ್ವ. ನಾನು ಮೇಲೋದಾಗ ಅವ್ವ ಕೆನ್ನೆ ನೋಡಿ, ಚುಕ್ಕಿ ಇಲ್ಲ, ಇವಳು ನನ್ ಮಗಳಲ್ಲ ಅಂದ್ರೆ?… ಕಿವಿ ತಿರುಗ್ಸಿ ತೋರುಸ್ಬೇಕಾ? ಆಗ್ಲಿ ಬುಡು, ತೋರುಸ್ತೀನಿ. ಅಲ್ಲಿ ಇನ್ನೇನ್ ಕೆಲ್ಸ ಇರ್ತದೆ.”

ಆ ಕಡೆಯಿಂದ ಏನೋ ಉದ್ದದ ಮಾತು ಬಂತು. ಸಣ್ಣತಾಯಮ್ಮ ಟೆಲಿಫೋನಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

“ಔದು, ಹೋದ ಸಲ ನೀನು ಬಂದು ಈ ಮಾತೆತ್ತಿದಾಗ ಬ್ಯಾಡ ಅಂದಿದ್ದೆ. ದೇವರು ಕೊಟ್ಟ ಮೊಕ ಅಂದಿದ್ದೆ… ಈಗ್ಲೂ ದೇವರೇ ಕೊಟ್ಟಿದ್ದು, ಒಸಿ ಜಾಸ್ತಿ ಕೊಟ್ಟವ್ನೆ… ಯಾಕೆ ಮನಸ್ಸು ಬದಲಾಯ್ತು ಅಂದ್ರೆ… ಒಂದು ಕೆಲ್ಸ ಆಗೋಗದೆ ಕಣೇ… ಇರು, ಹೇಳ್ತೀನಿ. ದಾಸಯ್ಯಾರೆ, ಒಸಿ ಆ ಕಡೆ ತಿರುಗಿ ಕೂತ್ಕೊತೀರಾ?”

ದಾಸಯ್ಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದ. ಕಿವಿಗಳನ್ನು ಇದ್ದಲ್ಲೇ ಬಿಟ್ಟ.

“ಹನಗೋಡಲ್ಲಿ ಮದ್ವೆ. ನಾನೂ ನಿಮ್ ಭಾವನೂ ಒಂದೇ ಚಾಪೆ ಮ್ಯಾಲೆ ಕೂತಿದ್ವಿ. ನಿಮ್ ಭಾವ ಬಡಿಸಾಕೆ ಅಂತ ಎದ್ದೋದ್ರು. ಮಿರ್ಲೆ ಮಂಟಯ್ಯ ಅನ್ನೋರು, ನಮ್ಮೋರೆಯಾ, ಮದ್ವೆಗೆ ಬಂದ ಮಗಳವ್ಳೆ, ಬಂದು ನನ್ ಮುಂದೆ ಕುಕ್ಕರುಗಾಲಲ್ಲಿ ಕೂತ್ರು. ‘ಅವ್ವಾ, ನಿಮ್ ಹುಡುಗಂಗೆ ಎಲ್ಲಾದ್ರೂ ಹೆಣ್ಣು ಗೊತ್ತಾಗದಾ?’ ಅಂದ್ರು… ಯಾವ ಹುಡುಗ ಅಂತೀಯಾ? ನಂಗೂ ಅಂಗೇ ಆಯ್ತು, ಸುತ್ತ ಹುಡುಕ್ದೆ. ನಿಮ್ ಭಾವ ಕಣೇ. ಮುದ್ದಯ್ಯ. ಅವ್ರೇ ಹುಡುಗ… ನಾನಾ? ನಾನು ಹುಡುಗನ ತಾಯಿ.”

ಟೆಲಿಫೋನಿನೊಳಗಿಂದ ಬಂದ ನಗು ದಾಸಯ್ಯನಿಗೂ ಕೇಳಿಸಿತು. ಸಣ್ಣತಾಯಮ್ಮ ಅದನ್ನು ಕಿವಿಯಿಂದ ಅಷ್ಟು ದೂರ ಹಿಡಿದು, ಉಕ್ಕುವ ಹಾಲು ಇಳಿಯಲೆಂದು ಕಾಯುವವಳ ಹಾಗೆ ಕಾದಳು. ಮುದ್ದಯ್ಯ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಅವನ ಮುಖ ಮಾತ್ರ ಕೈಗೆ ಸಿಕ್ಕದ ಮಾವಿನಕಾಯಿಯ ಹಾಗೆ ಹಸಿರಾಗಿಯೇ ಉಳಿದಿತ್ತು.

“ನಕ್ಕಾಯ್ತಾ?… ಇನ್ನೂ ಅದೆ, ಕೇಳು. ಮಂಟಯ್ಯಾರು ಎಲೆಅಡಿಕೆ ಮುಂದಕ್ಕೆ ಹಿಡಿದ್ರು… ಹೂಂ… ಇಸ್ಕೊಂಡೆ… ಕೈಯಾರೆ ಕಣೇ, ಸೆರಗೊಡ್ಡಿ ಇಸ್ಕೊಂಡೆ.”

ಈಗ ಆ ಕಡೆ ನಗುವಿರಲಿಲ್ಲ. ಅವರ ಜನದಲ್ಲಿ ಹೆಣ್ಣಿನ ತಂದೆ ಕೊಟ್ಟ ಎಲೆಅಡಿಕೆಯನ್ನು ಗಂಡಿನ ತಾಯಿ ಸೆರಗೊಡ್ಡಿ ಇಸಿದುಕೊಂಡಳೆಂದರೆ ಮಾತು ಕೊಟ್ಟ ಹಾಗೆ. ಅದು ಬೇಡವಾದರೆ ಬಾಯಲ್ಲಿ ಹೇಳಿ ಕಳಿಸಿದರೆ ಸಾಲದು. ಇಸಿದುಕೊಂಡ ಕೈಯೇ ಹೆಣ್ಣಿನ ಮನೆ ಬಾಗಿಲಿಗೆ ಹೋಗಿ ಹಿಂದಕ್ಕೆ ಕೊಟ್ಟು ಬರಬೇಕು. ಇದು ಗೊತ್ತಿಲ್ಲದ ಕೂಸು ಆ ಸೀಮೆಯಲ್ಲಿ ಇರಲಿಲ್ಲ. ಸಣ್ಣತಾಯಮ್ಮ ಕೂಸಂತೂ ಅಲ್ಲ.

“ಬಯ್ಯಿ, ಬಯ್ಯಿ. ಬಯ್ಯಾಕೇ ಫೋನ್ ಮಾಡ್ದಂಗಾಯ್ತು… ಕಟ್ಕೊಂಡ ಗಂಡಂಗೆ ತಾನೇ ಹೆಣ್ಣು ಗೊತ್ತು ಮಾಡ್ಕೊಂಡು, ಮದ್ವೆ ಊಟನೂ ಉಂಡ್ಕೊಂಡು ಬಂದೋಳು ಇನ್ನೊಬ್ಳಿದ್ರೆ ತೋರ್ಸು, ಕಾಲಿಗೆ ಬೀಳ್ತೀನಿ… ಯಾಕೆ ನಿಜ ಹೇಳ್ನಿಲ್ಲ ಅಂದ್ರೆ… ಬಾಯಿ ಬರ್ನಿಲ್ಲ ಕಣೇ. ಬುಡು ಅದ್ನ… ಸೋಮವಾರ ಮನೆ ನೋಡಾಕೆ ಬತ್ತಾರಂತೆ. ಹೇಳಿ ಕಳ್ಸವ್ರೆ.”

“… ನಿಮ್ ಭಾವನಾ? ಮೊದ್ಲು ಬಿದ್ದು ಬಿದ್ದು ನಕ್ರು. ಎಲ್ಡು ದಿನ ಆದ್ಮೇಲೆ ನಗು ನಿಲ್ಸುದ್ರು. ಈಗ ಮೀಸೆಗೆ ಎಣ್ಣೆ ಹಚ್ಕೊತಾವ್ರೆ… ಕೇಳುದ್ರೆ, ಮೀಸೆ ಒಣಗ್ತದೆ ಅಂತಾರೆ. ಇಷ್ಟು ವರ್ಸ ಒಣಗ್ದೆ ಇರಾದು ಈಗ ಒಣಗ್ತದಾ, ನೀನೇ ಹೇಳು.”

ಇದನ್ನು ಹೇಳುವಾಗಲೂ ಅವಳು ನಗುತ್ತಲೇ ಇದ್ದಳು. ನಗು ಕೆನ್ನೆಯ ಚೀಲಗಳನ್ನು ಮೇಲೆತ್ತಿತ್ತು. ನಿಲ್ಲಿಸಿದರೆ ಬಿದ್ದುಹೋಗುತ್ತವೆಂದು ಹಿಡಿದುಕೊಂಡಂತಿತ್ತು.

“ಕುಳ್ಳಮ್ಮ ಗೊತ್ತಲ್ಲ, ನಿಮ್ ಭಾವನ ಅಕ್ಕ. ಅವ್ಳಿಗೂ ಸುದ್ದಿ ಮುಟ್ಟಿ ಓಡ್ಬಂದ್ಲು. ಬಯ್ಯಾಕೆ ಬಂದವ್ಳೆ ಅಂದ್ಕೊಂಡೆ. ‘ತಾಯಿ ಅಂತಿಳ್ಕೊಂಡ್ರೇನು, ಹೆಂಡ್ತಿ ಅಂತಿಳ್ಕೊಂಡ್ರೇನು, ಬರೋ ಹೆಣ್ಣನ್ನ ಯಾಕೆ ಬ್ಯಾಡ ಅಂತೀಯೆ? ತೊಟ್ಲು ಕಟ್ಟಾಕೆ ಒಬ್ಳು ಬಂದ್ರೆ ನಿಂಗೇನು ನಷ್ಟ?’ ಅಂದ್ಲು… ನಾನೇನನ್ಲಿ? ಕಾಪಿ ಕೊಟ್ಟೆ.”

ಸಣ್ಣತಾಯಮ್ಮನ ಮನೆಯ ತೊಲೆಗೆ ತೊಟ್ಟಿಲ ಹಗ್ಗ ಬಿಗಿದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹರಕೆ ಹೊತ್ತಿದ್ದಾಯಿತು, ಬೇರು ಅರೆದು ಕುಡಿದಿದ್ದಾಯಿತು, ಕೊನೆಗೆ ಕೇಳುವವರೂ ಕೇಳುವುದನ್ನು ಬಿಟ್ಟಿದ್ದಾಯಿತು. ಅವರ ಬೀದಿಯಲ್ಲೇ ಇಬ್ಬರು ಹೆಂಡಿರ ಮನೆ ಎರಡಿದ್ದವು. ಎರಡರಲ್ಲೂ ಹಿರಿಯವಳು ಹಿತ್ತಲ ಕಡೆ ಮಲಗುತ್ತಿದ್ದಳು.

“ಅದಕ್ಕೇ ಕಣೇ, ಈ ಮೊಕ ಮೇಲೆತ್ತಿಸ್ಕೊಂಡು ಬಂದು, ಸೋಮವಾರ ಬಾಗ್ಲಲ್ಲಿ ಎದೆ ಕೊಟ್ಟು ನಿಂತ್ಕೊಳಾನ, ನೋಡ್ರಪ್ಪ ನಾನು ಹೆಂಡ್ತಿ ಅಂತ… ಮೊನ್ನೆ ಮನೇಲೇ ಒಂದ್ ಕಿತ ನೋಡ್ದೆ. ಗಲ್ಲದ ಕೆಳಗಿಂದ ಬಟ್ಟೆ ತಂದು ನೆತ್ತಿಗೆ ಬಿಗಿದು ಕಟ್ಟಿ ಕೊಟ್ಟಿಗೆಗೆ ಬಂದೆ. ಎಲ್ರೂ ಹಲ್ನೋವಾ ಅಂತ ಕೇಳಿ ಕೇಳಿ ಲವಂಗ ಕೊಟ್ರು. ಸಾಯಂಕಾಲಕ್ಕೆ ಒಂದ್ ಸೇರು ಲವಂಗ ಆಗಿತ್ತು ನನ್ ತಾವ… ಏನಂದೆ?… ಸೋಮವಾರಕ್ಕೆ ಆಗಾಕಿಲ್ವಾ?… ಯಾಕೆ?…”

ಅವಳು ಬಹಳ ಹೊತ್ತು ಕೇಳಿದಳು. ಬೆರಳಿಗೆ ಸುತ್ತಿದ್ದ ದಾರ ತಾನಾಗಿ ಸಡಿಲಾಯಿತು.

“ಮೊಕಕ್ಕೆಲ್ಲ ಬಟ್ಟೆ ಸುತ್ಕೊಂಡು… ಊದ್ಕೊಂಡಿರ್ತದಾ… ಒಂದ್ ತಿಂಗಳಾ?… ಹೂಂ… ಇರು, ಇರು. ನಾಳೆ ನಾನು ರೈಲು ಹತ್ತುದ್ರೆ, ಸೋಮವಾರ ನಾನಲ್ಲಿ, ನಿಮ್ ಭಾವ ಇಲ್ಲಿ. ಮಂಟಯ್ಯಾರು ಬಂದು ಹುಡುಗನ ತಾಯಿ ಎಲ್ಲಿ ಅಂದ್ರೆ, ಕುಳ್ಳಮ್ಮ ಕೈ ಒರೆಸ್ಕೊಂಡು ಬಂದು ನನ್ನ ಕೇಳಿ ಅಂತಾಳೆ. ಮುಗೀತಲ್ಲ… ಔದಾ ಇಲ್ವಾ?… ನಾನು ತಿಂಗ್ಳಾದ್ಮೇಲೆ ಹದಿನಾರರ ಹೆಣ್ಣಂಗೆ ಬಂದು ಬಾಗ್ಲು ತಟ್ಟುದ್ರೆ, ಆ ಮಿರ್ಲೆ ಹುಡ್ಗಿ ಬಾಗ್ಲು ತೆಗ್ದು, ‘ಯಾರವ್ವ ಬೇಕಾಗಿತ್ತು?’ ಅಂತಾಳೆ… ನಾನು ಕಿವಿ ತಿರುಗ್ಸಿ ಹಚ್ಚೆ ತೋರ್ಸಬೇಕು.”

ಅಕ್ಕತಂಗಿಯರಿಬ್ಬರೂ ನಕ್ಕರು. ನಡುವೆ ಎಷ್ಟೋ ಹರದಾರಿ ತಂತಿ ಇದ್ದರೂ ಇಬ್ಬರ ನಗುವೂ ಒಂದೇ ಕಡೆ ನಿಂತಿತು. ಆಮೇಲೆ ರಾಚಮ್ಮ ಬಿಟ್ಟ ಪ್ರಶ್ನೆಯನ್ನೇ ಮತ್ತೆ ಹಿಡಿದಿರಬೇಕು.

“ಯಾಕೆ ಇಸ್ಕೊಂಡೆ ಅಂತ್ಲೇ ಕೇಳ್ತೀಯಲ್ಲ… ಹೇಳ್ದೆನಲ್ಲ, ಬಾಯಿ ಬರ್ನಿಲ್ಲ… ಇಲ್ಲ, ಅದಲ್ಲ… ಹುಡುಗನ ತಾಯಿ ಅಂದ್ರು ಕಣೇ ರಾಚಿ, ಅವ್ರು. ತಾಯಿ, ಅವ್ವ ಅಂತ ಬೇಡೋಕೆ ಬಂದೋನೂ ಅಂತಾನೆ, ಅದು ಬೇರೆ. ಇವ್ರು, ‘ಇಂಥೋನ ತಾಯಿ’ ಅಂದ್ರು. ಎಷ್ಟು ಮರ್ಯಾದೆಯಿಂದ ಕೂತಿದ್ರು ಗೊತ್ತಾ, ನನ್ ಮುಂದೆ… ಅಲ್ಲ ಅಂದ್ರೆ ಎದ್ದೋಗ್ಬುಡೋರು. ಒಂದ್ ಗಳಿಗೆ ಇರ್ಲಿ ಅನ್ನುಸ್ತು. ಇಸ್ಕೊಂಡ್ಬುಟ್ಟೆ.”

ದಾಸಯ್ಯ ಎದ್ದ. ಇವಳ ಕಡೆ ನೋಡದೆ, ಏನೋ ಮರೆತವನ ಹಾಗೆ ಮೇಜಿನ ಮೇಲೆ ಕೈಯಾಡಿಸಿ, ಆಫೀಸಿನ ಹಿಂದಿನ ಕೋಣೆಗೆ ಹೋಗಿಬಿಟ್ಟ.

“ರಾಚಿ?… ಅಳ್ತಿದ್ದೀಯಾ? ಅಳಬ್ಯಾಡ ಕಣೇ, ದೊರೆ ಮಗು ಹೆದ್ರುಕೊತದೆ… ನಾನಾ? ನಾನಳಾಕಿಲ್ಲ, ಅತ್ರೆ ಈ ಕೆನ್ನೇಲಿ ನೀರು ಹರಿಯೋ ಹೊತ್ಗೆ ಸಂತೆ ದಿನ ಬತ್ತದೆ… ಹಾಂ? ಯಾರು?… ಎಕ್ಸ್‌ಚೇಂಜಿನೋರಾ? ಆಯ್ತಾ ಟೈಮು? ಒಸಿ ತಡೀರಿ ಸ್ವಾಮಿ, ದೊಡ್ ಮಾತು ಒಂದ್ ಬಾಕಿ ಅದೆ…”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನಿಮಿರಿ ನಿಂತಳು.

“ರಾಚಿ, ಕೇಳು. ದೊರೆಗೆ ಕೈ ಮುಗುದ್ಲು ಅಂತ ಹೇಳು. ನಾನು ಬರಾಕಿಲ್ಲ. ಅಲ್ಲಿ ಯಾವುದಾದ್ರೂ ಸುಟ್ಟ ಮೊಕ ಉಳಿದಿದ್ರೆ ಅದ್ನ ನೋಡ್ಕೊಂಡೋಗ್ಲಿ… ನಾಳೆ ನಾನು ಮಿರ್ಲೆಗೋಯ್ತೀನಿ. ಇಸ್ಕೊಂಡ ಕೈ ನಂದಲ್ವಾ, ಈ ಮೊಕಾನೇ ಹೊತ್ಕೊಂಡೋಗಿ, ನಾನು ತಾಯಿ ಅಲ್ಲ, ಹೆಂಡ್ತಿ ಅಂತ ಹೇಳಿ ಕೊಟ್ಟು ಬತ್ತೀನಿ… ನಂಬ್ದಿದ್ರೆ? ನಂಬಾಕಿಲ್ಲ, ನಂಗೊತ್ತು. ಕನ್ನಡಿ ನೋಡುದ್ರೆ ನಾನೇ ನಂಬಾಕಿಲ್ಲ. ಅದಕ್ಕೆ ನಿಮ್ ಭಾವನೂ ಬರ್ಬೇಕು. ಇವಳು ನನ್ ಹೆಂಡ್ತಿ ಅಂತ ಅವ್ರ ಬಾಯಲ್ಲೇ ಬರ್ಬೇಕು… ಬತ್ತಾರಾ ಅಂತೀಯಾ?…”

ಮುಖದ ವಿಚಾರಕ್ಕೆಂದು ಮಾಡಿದ ಫೋನು ಅದು. ಆದರೆ ಬೆಳಗಿನಿಂದ, ಬೆಳಗಿನಿಂದೇನು, ಮೀಸೆಗೆ ಎಣ್ಣೆ ಬಿದ್ದ ದಿನದಿಂದ ಎದೆಯಲ್ಲಿ ಕೂತಿದ್ದ ಪ್ರಶ್ನೆ ಇದೊಂದೇ.

“… ಗೊತ್ತಿಲ್ಲ ಕಣೇ… ಕೇಳಿಲ್ಲ. ಭಯ… ಇಲ್ಲೇ ಅವ್ರೆ, ಆಚೆ, ಗಾಡಿ ತಾವ. ತಡಿ, ಕೇಳೇ ಬುಡ್ತೀನಿ.”

ಕಿಟಕಿ ಮಾರು ದೂರದಲ್ಲಿತ್ತು. ದಾರ ಎಳೆದಷ್ಟೂ ಎಳೆದು, ಟೆಲಿಫೋನನ್ನು ಎದೆಗೊತ್ತಿಕೊಂಡು ಅವಳು ಕತ್ತು ಚಾಚಿದಳು. ಅಂಗಳದಲ್ಲಿ ಮುದ್ದಯ್ಯ ಎತ್ತಿಗೆ ನೀರಿಟ್ಟು, ಬಕೀಟಿನ ನೀರಿಗೆ ಬಾಗಿ ಮೀಸೆ ತೀಡಿಕೊಳ್ಳುತ್ತಿದ್ದ.

“ಏನೂಂದ್ರೆ… ಇಲ್ಲಿ. ನಾಳೆ ಮಿರ್ಲೆಗೆ ಗಾಡಿ ಕಟ್ತೀರಾ? ಎಲೆಅಡಿಕೆ ಹಿಂದಕ್ಕೆ ಕೊಡಾಕೆ. ನೀವೂ ಬರ್ಬೇಕು, ನನ್ ಗಂಡ ಅಂತ ಹೇಳಾಕೆ…”

ಮುದ್ದಯ್ಯನ ಕೈ ಮೀಸೆಯ ಮೇಲೇ ನಿಂತಿತು. ಅವನು ಕಿಟಕಿಯನ್ನು ನೋಡಿದ. ಕಿಟಕಿಯ ಸರಳುಗಳ ನಡುವೆ ಒತ್ತಿಕೊಂಡಿದ್ದ ಆ ಮುಖವನ್ನು, ಎರಡೂ ಚೀಲಗಳನ್ನು, ಎಡಗೆನ್ನೆಯ ಹಸಿರು ಚುಕ್ಕಿಯನ್ನು ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡು ಗಾಡಿಯ ಹಿಂದಕ್ಕೆ ಹೋದ. ಅಲ್ಲಿ ಕೆಳಗೆ ತೂಗುತ್ತಿದ್ದ ಕೀಲೆಣ್ಣೆಯ ಬಿದಿರ ಗೊಟ್ಟವನ್ನು ಬಿಚ್ಚಿಕೊಂಡು, ಚಕ್ರದ ಪಕ್ಕ ಮಂಡಿಯೂರಿದ. ಹುಣಸೂರು ಪೇಟೆಗೆ ಬಂದು ಹೋಗಲು ಯಾರೂ ಅಚ್ಚಿಗೆ ಎಣ್ಣೆ ಬಿಡುವುದಿಲ್ಲ. ಅದು ದೂರದ ದಾರಿಗೆ.

“ರಾಚಿ… ರಾಚಿ, ಕೇಳ್ತಾ?… ಏನೂ ಅನ್ನಲಿಲ್ಲ ಕಣೇ. ಗಾಡಿಗೆ ಕೀಲೆಣ್ಣೆ ಬುಡ್ತಾವ್ರೆ… ಔದೇ, ಗಾಡಿಗೆ. ಮೀಸೆಗಲ್ಲ… ಹಲೋ… ಹಲೋ… ಈಗ ಇನ್ನೊಂದ್ ಚಕ್ರಕ್ಕೆ ಹೋದ್ರು… ಹಲೋ, ಯಾರಾದ್ರೂ ಇದ್ದೀರಾ?…”