ಬಾಳೆಹಣ್ಣಿಗೆ ಕೆಂಪು ಸ್ಟಿಕ್ಕರ್

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕ ಶಾಲೆಯೊಂದರ ಕ್ಯಾಂಟೀನ್ ನಡೆಸುವವಳು, ತಂಗಿ ಅದೇ ಶಾಲೆಯ ಟೀಚರ್ ಎಂದು ಎರಡು ಸ್ಟಾಪ್ ಕಳೆಯುವಷ್ಟರಲ್ಲಿ ನನಗೂ ಗೊತ್ತಾಗಿಹೋಯಿತು.

“ಅಕ್ಕಾ, ಒಳ್ಳೇ ತಿಂಡಿಗೆ ಹಸಿರು ಸ್ಟಿಕ್ಕರ್, ಕೆಟ್ಟದ್ದಕ್ಕೆ ಕೆಂಪು ಅಂತ ನಿಯಮ. ನೀನು ಬಾಳೆಹಣ್ಣಿಗೆ ಕೆಂಪು ಅಂಟಿಸಿದ್ದೀಯಂತೆ?”

“ಹೂಂ. ಹಸಿರು ಅಂಟಿಸಿದಾಗ ಒಂದು ವಾರ ಯಾರೂ ಮೂಸಿ ನೋಡ್ಲಿಲ್ಲ. ಕೆಂಪು ಅಂಟಿಸಿದ ದಿನ ಇಂಟರ್ವಲ್ ಮುಗಿಯೋದ್ರೊಳಗೆ ಬುಟ್ಟಿ ಖಾಲಿ.”

“ಮತ್ತೆ ಚಿಪ್ಸ್?”

“ಅದಕ್ಕೆ ಹಸಿರು. ಧೂಳು ಹಿಡ್ಕೊಂಡು ಕೂತಿದೆ.”

“ನಾಳೆ ತಪಾಸಣೆಗೆ ಬರ್ತಾರೆ ಕಣೇ! ನಿನ್ನ ಕ್ಯಾಂಟೀನಿಗೆ ಬೀಗ ಹಾಕಿಸ್ತಾರೆ. ನಿಯಮ ಬರೆದೋಳು ನಾನು, ಮುಖ ಎಲ್ಲಿಟ್ಕೊಳ್ಲಿ?”

“ಮಕ್ಕಳು ಹಣ್ಣು ತಿನ್ಬೇಕು ಅಂತ ತಾನೇ ಬರೆದಿದ್ದು? ತಿಂತಿದ್ದಾರಲ್ಲ, ಟೀಚರಮ್ಮ.”

ತಂಗಿ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡಳು.

“ಅದೆಲ್ಲ ಬೇಡ. ಇವತ್ತೇ ಎಲ್ಲಾ ಕಿತ್ತು ಸರಿಯಾಗಿ ಅಂಟಿಸು.”

“ಆಯ್ತು ಬಿಡು, ಅಂಟಿಸ್ತೀನಿ.”

ಅವರ ಸ್ಟಾಪ್ ಬಂತು. ಏಳುತ್ತಾ ತಂಗಿ ದನಿ ತಗ್ಗಿಸಿದಳು.

“ಆ ಕೆಂಪು ಸ್ಟಿಕ್ಕರ್ ಒಂದು ಹಾಳೆ ನಂಗೆ ಎತ್ತಿಡು. ನಮ್ಮನೆಯವರು ಸೌತೆಕಾಯಿ ಮುಟ್ಟೋದೇ ಇಲ್ಲ.”